ಮೂರೂವರೆ ಮೂಲೆ

ಅಳತೆ ಪಟ್ಟಿಯ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ದಾದಾಪೀರ್ ಚಾಚಾನ ಕೈಯಲ್ಲಿ.
ಪಾಲಿಕೆಗೆ ನಕ್ಷೆ ಬೇಕಂತೆ:
ಉದ್ದ, ಅಗಲ, ಮೂಲೆಗೊಂದು ತೊಂಬತ್ತು ಡಿಗ್ರಿ.

‘ಮೂಲೆ ನಾಕು ಅಂತ ಬರ್ಕೊಂಡು ಬಂದೀಯೇನವ್ವಾ?’
ಚಾಚಾ ನಕ್ಕ. ‘ಇಲ್ಲಿರಾದು ಮೂರೂವರೆ.’

ನಿಜ. ಈಶಾನ್ಯಕ್ಕೆ ಬಂದರೆ ಪಟ್ಟಿ ತಡವರಿಸುತ್ತದೆ.
ಮಿಲ್ಲಿನ ಬಾಯ್ಲರು ಉರಿಯುತ್ತಿದ್ದ ಜಾಗ ಅದು,
ಈಗ ಮಣ್ಣು ಮುಚ್ಚಿದ ಗುಂಡಿ.
ಆದರೂ ಅದರ ಮೇಲೆ ಯಾರೂ ಓಡುವುದಿಲ್ಲ.
ಸುಣ್ಣದ ಗೆರೆ ಅಲ್ಲಿತನಕ ನೆಟ್ಟಗೆ ಬಂದು
ಹಿರಿಯರು ಎದುರಾದ ಸೊಸೆಯ ಹಾಗೆ
ಒಳಕ್ಕೆ ಸರಿದು ಹೋಗುತ್ತದೆ.

ಗೆರೆ ಎಳೆದವನು ಎಂಜಿನಿಯರಲ್ಲ.
ಜಾಬರ್ ಕೊಟ್ರಬಸಪ್ಪ, ಎರಡನೇ ಪಾಳಿ,
ಹತ್ತಿ ಮೂಟೆಯ ಹಗ್ಗ ಹಿಡಿದು
ಒಂದು ಬೀಡಿ ಆರುವಷ್ಟರಲ್ಲಿ ಎಳೆದದ್ದು.
ಗಾಡಿಯೆತ್ತು ಬಿಚ್ಚುವ ಬಯಲು.
ಸೆಗಣಿ ಬಾಚಿ ಹಾಕಿ ಆಡಿದ ಮೊದಲ ದಿನ
ಹನ್ನೊಂದು ಜನಕ್ಕೆ ಒಂಬತ್ತು ಬೂಟು.
ಜೋಡಿಯಲ್ಲ, ಒಂಬತ್ತು.

ಗೋಲುಕಂಬ ಲೈನ್ ಶಾಫ್ಟಿನ ಕಬ್ಬಿಣ,
ಚೆಂಡು ಬಡಿದರೆ ಈಗಲೂ ಖಾತೆಯೊಳಗಿನ ದನಿ.
ಬಲೆ ಹೆಣೆದವರು ಸ್ಪಿನ್ನಿಂಗಿನ ಹೆಂಗಸರು,
ಹುಳುಕೆಂದು ವಾಪಸು ಬಂದ ನೂಲಿನಲ್ಲಿ.
ಇದು ಹೊನ್ನೂರಬಿಯ ಗಂಟು, ಇದು ಸಾಕವ್ವನದು,
ಗೋಲಾದ ಮೇಲೆ ಅದೇ ಅವರ ಜಗಳ:
ಯಾರ ಗಂಟಿಗೆ ಸಿಕ್ಕಿತು ಚೆಂಡು?

ಗ್ಯಾಲರಿ ಎಂದು ಬರೆಯಲೇ?
ಯಂತ್ರಗಳು ಹರಾಜಿಗೆ ಹೋದಾಗ
ಹೊರಲಾರದೆ ಬಿಟ್ಟ ಕಾಂಕ್ರೀಟು ಪೀಠ.
ಬೋಲ್ಟಿನ ತೂತುಗಳು ಹಾಗೇ ಇವೆ,
ಹುಡುಗರು ಅದರಲ್ಲಿ
ಮಂಡಕ್ಕಿಯ ಪೊಟ್ಟಣ ನಿಲ್ಲಿಸಿ ಮಿರ್ಚಿ ಕಚ್ಚುತ್ತಾರೆ.

ನೆಲ ಪಡುವಣಕ್ಕೆ ಮೂರಡಿ ಇಳಿಜಾರು.
ಟಾಸ್ ಗೆದ್ದವರು ಸಂಜೆ ಸೂರ್ಯನ ಗೊಡವೆಗೆ ಹೋಗರು,
ಇಳಿಜಾರು ಕೇಳುತ್ತಾರೆ.
ತೆಂಕಣ ಗಾಳಿ ಎದ್ದರೆ ಭಟ್ಟಿಗಳ ಹೊಗೆ ಬಂದು
ಪೆನಾಲ್ಟಿ ಚೌಕದಲ್ಲಿ ಚಕ್ಕಳಮಕ್ಕಳ ಹಾಕುತ್ತದೆ.
ಚಾಚಾ ಆ ಹೊಗೆಯಲ್ಲಿ ಹುಟ್ಟಿದವನು.
ನಸುಕಿಗೆ ಕಾದ ಮರಳಿನಲ್ಲಿ ಅಕ್ಕಿ ಹುರಿದ ಕೈ
ಸಂಜೆ ಗೋಲು ಕಾಯುತ್ತಿತ್ತು.
‘ಮರಳಿಗಿಂತ ಚೆಂಡು ತಣ್ಣಗಿತ್ತು ಕಣವ್ವಾ, ಅಷ್ಟೇ.’

ಅರ್ಧ ಆಟಕ್ಕೆ ಸೀಟಿ ಊದುತ್ತಿರಲಿಲ್ಲ.
ಮಿಲ್ಲಿನ ಸೈರನ್ನೇ ವಿರಾಮ.
ಮಿಲ್ಲು ನಿಂತ ಮೊದಲ ಭಾನುವಾರ
ಎರಡೂ ತಂಡದವರು ಕಿವಿಗೊಟ್ಟುಕೊಂಡೇ ಓಡಿದರಂತೆ,
ಚೆಂಡು ಕಾಣದಷ್ಟು ಕತ್ತಲಾಗುವವರೆಗೆ,
ಬದಿ ಬದಲಿಸದೆ.

ಒಮ್ಮೆ ಹುಬ್ಬಳ್ಳಿಗೆ ಹೋಗಿದ್ದರು ಆಡಲು.
ಸಪಾಟು ಹಸಿರು. ಎಣಿಸಿದರೆ ನಾಲ್ಕು ಮೂಲೆ.
ಎಡದಂಚಿನ ಅಂಜಿನಪ್ಪ ಚೆಂಡು ಹೊಡಕೊಂಡು ಓಡಿದವನು
ಮೂಲೆ ಇನ್ನೂ ಎಂಟು ಹೆಜ್ಜೆ ಇರುವಾಗ
ಗಕ್ಕನೆ ಒಳಗೆ ತಿರುಗಿದ,
ಅಲ್ಲಿಲ್ಲದ ಬಾಯ್ಲರನ್ನು ಬಳಸಿ.
ಎದುರಿನ ಬ್ಯಾಕು ದಂಗಾಗಿ ನಿಂತ. ಗೋಲು.
ಎರಡನೇ ಸಲ ಬ್ಯಾಕು ದಂಗಾಗಲಿಲ್ಲ.
ಒಂದಕ್ಕೆ ಐದು ಸೋತು ರಾತ್ರಿ ಗಾಡಿಗೆ ಬಂದರು.

ಫಾರ್ಮಿನಲ್ಲಿ ಆಕಾರ ಎಂಬಲ್ಲಿ
‘ಆಯತ’ ಎಂದು ಮೊದಲೇ ಅಚ್ಚಾಗಿದೆ.
ಪಕ್ಕದಲ್ಲಿ ಸಾಹೇಬರ ಪೆನ್ಸಿಲ್ ಗುರುತು:
ಈಶಾನ್ಯ ಸರಿಪಡಿಸುವುದು.

‘ಚಾಚಾ, ಒಂದೆಂಟು ಹೆಜ್ಜೆ ಆಚೆ ಹೋಗು,
ಗುಂಡಿ ಮೇಲೆ ನಿಂತು ಪಟ್ಟಿ ಬಿಗಿ ಹಿಡಿ.’
ಅವನು ಕೇಳಿಸದವನಂತೆ ನಿಂತ.
ಅಲ್ಲಿ ಯಾರಾದರೂ ಸತ್ತಿದ್ದರೇ ಎಂದೆ.
ಚಾಚಾ ತನ್ನ ತುದಿಯಿಂದ
ಪಟ್ಟಿ ಸುತ್ತತೊಡಗಿದ.

ಅಷ್ಟರಲ್ಲಿ ಹುಡುಗರು ಬಂದರು,
ಒಬ್ಬನ ಕಂಕುಳಲ್ಲಿ ಚೆಂಡು.
‘ಅಕ್ಕಾ, ಬೇಗ ಮುಗಸ್ರಿ, ಐದಾತು.’

ನಾನು ಗೆರೆಯ ಹೊರಗೆ ಬಂದು ನಿಂತೆ.